ಒಂದೇ ಗೀರು

ಗಾಜಿನಂಗಡಿಯಲ್ಲಿ ಅವಳನ್ನು ಎಲ್ಲರೂ ಮೆಲ್ಲಕ್ಕ ಎಂದೇ ಕರೆಯುತ್ತಿದ್ದರು. ಲಾರಿಯಿಂದ ಆಳೆತ್ತರದ ಗಾಜಿನ ಹಾಳೆಗಳನ್ನು ಇಳಿಸುವಾಗಲೆಲ್ಲ ಅವಳು ಕೌಂಟರಿನ ಹಿಂದೆ ನಿಂತು ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಿದ್ದಳು. ಹಾಳೆ ಹೊತ್ತವರಿಗಿಂತ ಹೆಚ್ಚು ಬೆವರುತ್ತಿದ್ದವಳು ಅವಳೇ. ಹನ್ನೊಂದು ವರ್ಷದಿಂದ ಅವಳ ಕೆಲಸ ಆ ಕೌಂಟರಿನಲ್ಲಿ. ಗಿರಾಕಿ ಹೇಳಿದ ಅಳತೆಯನ್ನು ಪುಸ್ತಕದಲ್ಲಿ ಬರೆದು ಒಳಗೆ ಕಳಿಸುವುದು, ಕತ್ತರಿಸಿ ಬಂದ ಗಾಜನ್ನು ಒರೆಸಿ ಹಳೆ ಪತ್ರಿಕೆಯಲ್ಲಿ ಸುತ್ತಿ ಕೊಡುವುದು, ಅಷ್ಟೇ.

ಒಳಗೆ, ಕಂಬಳಿ ಹೊದಿಸಿದ ದೊಡ್ಡ ಮೇಜಿನ ಮುಂದೆ ಮೇಸ್ತ್ರಿ ನಿಂತಿರುತ್ತಿದ್ದರು. ಅರವತ್ತೆಂಟು ವರ್ಷ, ಬಡಕಲು ದೇಹ, ಎರಡು ಬೆರಳಿನ ತುದಿಗೆ ಸದಾ ಅಂಟುಪಟ್ಟಿ. ಆ ಅಂಗಡಿಯಿಂದ ಹೊರಗೆ ಹೋದ ಪ್ರತಿಯೊಂದು ಕಿಟಕಿ ಗಾಜನ್ನೂ ಕನ್ನಡಿಯನ್ನೂ ಕತ್ತರಿಸಿದ ಕೈ ಅವರದು. ಮಾತು ಕಮ್ಮಿ. ಗಾಜಿನ ಮೇಲೆ ಕಟ್ಟರ್ ಓಡಿಸುವಾಗ ಮಾತ್ರ ಸಣ್ಣಗೆ ಗುನುಗುತ್ತಿದ್ದರು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೇಸ್ತ್ರಿ ಅವಳನ್ನು ಒಳಗೆ ಕರೆದರು. ಅವರ ಕೈಯಲ್ಲಿ ಅಳತೆ ಪುಸ್ತಕವಿತ್ತು.

“ಈ ಪೆನ್ಸಿಲ್ ಗುರುತು ಯಾರದು? ನಿಂದೇನಾ?”

ಗಿರಾಕಿ ಹೇಳಿದ ಅಳತೆಯನ್ನು ಪೆನ್ನಿನಲ್ಲಿ ಬರೆದ ಮೇಲೆ, ಅವನು ತಂದ ಚೌಕಟ್ಟನ್ನು ನೋಡಿ ಅನುಮಾನ ಬಂದರೆ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಬೇರೆ ಅಂಕೆ ಬರೆಯುವುದು ಅವಳ ರೂಢಿ. ಕಾಲಿಂಚು ಕಮ್ಮಿ, ಅರ್ಧ ಇಂಚು ಜಾಸ್ತಿ, ಹೀಗೆ. ಯಾರ ಅಪ್ಪಣೆಯೂ ಇಲ್ಲದೆ ಮಾಡುತ್ತಿದ್ದ ಕೆಲಸ ಅದು.

“ಹೌದು ಮೇಸ್ತ್ರಿ. ತಪ್ಪಾಯ್ತು, ಕ್ಷಮಿಸಿ.”

“ಮೂರು ವರ್ಷದಿಂದ ನೋಡ್ತಾ ಇದೀನಿ. ನಾನು ಕತ್ತರಿಸೋದು ಪೆನ್ನಿನ ಅಳತೆಗಲ್ಲ, ಈ ಪೆನ್ಸಿಲ್ ಅಳತೆಗೆ. ಇವತ್ತಿನವರೆಗೂ ಒಂದು ಗಾಜೂ ವಾಪಸ್ ಬಂದಿಲ್ಲ.” ಅವರು ಪುಸ್ತಕ ಮುಚ್ಚಿದರು. “ಕಣ್ಣು ಚೆನ್ನಾಗಿದೆ ಅಂತ ಯಾರಾದ್ರೂ ಕ್ಷಮೆ ಕೇಳ್ತಾರಾ?”

ಮೇಸ್ತ್ರಿ ಮಾತು ಮುಂದುವರಿಸಿದರು. ಮೊಣಕಾಲು ಇನ್ನು ನಿಲ್ಲಲು ಒಪ್ಪುತ್ತಿಲ್ಲ, ಇನ್ನು ಎಂಟು ತಿಂಗಳಿಗೆ ಮಗಳ ಮನೆಗೆ ಹೋಗಿಬಿಡುತ್ತೇನೆ ಎಂದರು. ಆಮೇಲೆ, ಚಹಾ ತರಿಸು ಎನ್ನುವಷ್ಟೇ ಸಲೀಸಾಗಿ, “ಅಷ್ಟರೊಳಗೆ ನೀನು ಕತ್ತರಿಸೋದು ಕಲಿ” ಎಂದರು.

“ನನ್ನ ಕೈಲಾಗಲ್ಲ ಮೇಸ್ತ್ರಿ. ನಿಮಗೇ ಗೊತ್ತಲ್ಲ.”

ಅವರಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ, ಹೀಗೇ ಖಾಲಿ ಇದ್ದ ಒಂದು ಮಧ್ಯಾಹ್ನ, ಅವಳು ಆಸೆಪಟ್ಟು ಒಂದು ಕನ್ನಡಿಯ ಮೇಲೆ ಕಟ್ಟರ್ ಇಟ್ಟಿದ್ದಳು. ಅರ್ಧ ದಾರಿಯಲ್ಲಿ ಕೈ ನಡುಗಿತು. ಗೀರು ಸರಿಯಾಗಿ ಬಿದ್ದಿತೋ ಇಲ್ಲವೋ ಎಂದು ಅದರ ಮೇಲೇ ಇನ್ನೊಂದು ಸಲ ಎಳೆದಳು. ಮುರಿಯಲು ಹೋದಾಗ ಕನ್ನಡಿ ಮೂರು ದಿಕ್ಕಿಗೆ ಸೀಳಿತು. ಸದ್ದಿಗೆ ಓಡಿ ಬಂದ ಅಂಗಡಿಯ ಯಜಮಾನರು ಬೈಯಲಿಲ್ಲ. “ನಿನಗ್ಯಾಕಮ್ಮ ಇದೆಲ್ಲ” ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಅವಳು ಒಂದು ದಿನ ಅತ್ತು ಮರೆತುಬಿಡುತ್ತಿದ್ದಳೋ ಏನೋ. ಆ ಮೆತ್ತನೆ ಮಾತು ಮುಳ್ಳಿನ ಹಾಗೆ ಒಳಗೇ ಕೂತುಬಿಟ್ಟಿತು. ಅಂದಿನಿಂದ ಅವಳು ಆ ಮೇಜಿನ ಹತ್ತಿರ ಬಂದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

“ನಿನ್ನ ಕೈಯಲ್ಲಿ ಏನೂ ಊನ ಇಲ್ಲ,” ಎಂದರು ಮೇಸ್ತ್ರಿ. “ಅವತ್ತು ನೀನು ಮಾಡಿದ್ದು ಒಂದೇ ತಪ್ಪು. ಗೀರಿನ ಮೇಲೆ ಗೀರು ಎಳೆದೆ. ಗಾಜಿಗೆ ಒಂದು ಸಲ ಹೇಳಿದ್ರೆ ಸಾಕು. ಎರಡನೇ ಸಲ ಹೇಳಿದ್ರೆ, ನಿನಗೇ ನಂಬಿಕೆ ಇಲ್ಲ ಅಂತ ಅದಕ್ಕೆ ಗೊತ್ತಾಗುತ್ತೆ.”

ಅವರು ಹೇಳಿಕೊಟ್ಟ ಪಾಠ ಬಹಳ ಚಿಕ್ಕದು. ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅವಳು ಹದಿನೈದು ನಿಮಿಷ ಮುಂಚೆ ಬರಬೇಕು. ಚೂರುಗಾಜಿನ ಡಬ್ಬಿಯಿಂದ ಒಂದು ತುಂಡು ತೆಗೆದುಕೊಳ್ಳಬೇಕು. ಎಷ್ಟು ಅಗಲ ಕತ್ತರಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಒಂದು ಗೀರು ಎಳೆದು ಮುರಿಯಬೇಕು. ನೆಟ್ಟಗೆ ಬಂದರೂ ಸರಿ, ಸೊಟ್ಟಗೆ ಬಂದರೂ ಸರಿ, ಡಬ್ಬಿಗೆ ಹಾಕಿ ಕೌಂಟರಿಗೆ ಹೋಗಬೇಕು.

“ಎರಡನೇದು ಕತ್ತರಿಸಬಾರದು. ತಿಳೀತಾ?”

“ಸೊಟ್ಟ ಬಂದ್ರೆ?”

“ನಾಳೆ ಇದೆಯಲ್ಲ.”

ಮೊದಲ ವಾರ ಎಲ್ಲವೂ ಸೊಟ್ಟ. ಚಕ್ರವಿರುವ ಕಟ್ಟರಿನ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದುವುದು, ಮರದ ಪಟ್ಟಿಯನ್ನು ಎಡಗೈಯಲ್ಲಿ ಒತ್ತಿ ಹಿಡಿಯುವುದು, ದೂರದ ಅಂಚಿನಿಂದ ತನ್ನ ಕಡೆಗೆ ಎಳೆಯುವುದು, ಇಷ್ಟು ಬಂತು. ಆದರೆ ‘ನಾಲ್ಕು ಇಂಚು’ ಎಂದು ಗಟ್ಟಿಯಾಗಿ ಹೇಳಲು ಅವಳಿಗೆ ನಾಚಿಕೆಯಾಗುತ್ತಿತ್ತು. ಖಾಲಿ ಅಂಗಡಿಯಲ್ಲಿ ತನ್ನ ದನಿಯೇ ತನಗೆ ಬೇರೆಯವರದ್ದೆನಿಸುತ್ತಿತ್ತು. ಕುರ್ಚಿಯಲ್ಲಿ ಕೂತು ಚಹಾ ಹೀರುತ್ತಿದ್ದ ಮೇಸ್ತ್ರಿ, “ಕೇಳಿಸಲಿಲ್ಲ” ಎನ್ನುತ್ತಿದ್ದರು. ಅವರಿಗೆ ಕೇಳಿಸಿರುತ್ತಿತ್ತು.

ಮೂರನೇ ವಾರದಲ್ಲಿ ಒಂದು ದಿನ ಮೇಸ್ತ್ರಿ ತಡವಾಗಿ ಬಂದರು. ಆವತ್ತಿನ ಗಾಜಿನ ಪಟ್ಟಿ ಸೊಟ್ಟಗೆ ಮುರಿದದ್ದಕ್ಕೆ ಅವಳಿಗೆ ರೇಗಿಹೋಯಿತು. ಯಾರೂ ಇಲ್ಲವಲ್ಲ ಎಂದು ಇನ್ನೊಂದು ಕತ್ತರಿಸಿದಳು. ಅದು ಇನ್ನೂ ಸೊಟ್ಟ. ಹಟ ಹಿಡಿದು ಮತ್ತೆರಡು ಕತ್ತರಿಸಿದಳು. ನಾಲ್ಕನೆಯದು ಹೆಬ್ಬೆರಳನ್ನೂ ಸ್ವಲ್ಪ ಕುಯ್ದಿತು. ಮೇಸ್ತ್ರಿ ಒಳಗೆ ಬಂದವರೇ ಡಬ್ಬಿಯ ಕಡೆ ಒಂದು ಸಲ, ಅವಳ ಬೆರಳಿನ ಕಡೆ ಒಂದು ಸಲ ನೋಡಿದರು.

“ಮೊದಲನೇದು ನೀನು ಕತ್ತರಿಸಿದ್ದು. ಉಳಿದ ಮೂರು ಕತ್ತರಿಸಿದ್ದು ನಿನ್ನ ಸಿಟ್ಟು,” ಎಂದು ಅಂಟುಪಟ್ಟಿಯ ಸುರುಳಿ ಅವಳ ಕೈಗಿತ್ತರು. “ಸಿಟ್ಟಿಗೆ ನಾನು ಪಾಠ ಹೇಳಲ್ಲ.”

ಅವಳಿಗೆ ನಗು ಬಂತು. ಆಮೇಲೆ ಅವಳು ಆ ನಿಯಮ ಮುರಿಯಲಿಲ್ಲ. ಸೊಟ್ಟ ಪಟ್ಟಿಯನ್ನು ಡಬ್ಬಿಗೆ ಹಾಕಿ ಬೆನ್ನು ತಿರುಗಿಸಿ ಬರುವುದೇ ಕತ್ತರಿಸುವುದಕ್ಕಿಂತ ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತಾಗುತ್ತ ಬಂತು. ಸೊಟ್ಟ ಹೋದದ್ದು ಎಲ್ಲಿ, ಯಾಕೆ ಎಂದು ದಿನವಿಡೀ ಕೌಂಟರಿನಲ್ಲಿ ಕೂತು ಯೋಚಿಸಲು ಸಮಯ ಸಿಗುತ್ತಿತ್ತು. ಮಾರನೆಯ ದಿನದ ಗೀರಿಗೆ ಆ ಯೋಚನೆಯೆಲ್ಲ ಜೊತೆಗೆ ಬರುತ್ತಿತ್ತು. ಮೂರು ತಿಂಗಳು ಕಳೆಯುವ ಹೊತ್ತಿಗೆ ವಾರದಲ್ಲಿ ನಾಲ್ಕು ದಿನ ನೆಟ್ಟಗೆ ಬರತೊಡಗಿತು. ಸರಿಯಾದ ಗೀರಿನ ಸದ್ದೂ ಅವಳಿಗೆ ಗುರುತು ಸಿಕ್ಕಿತು. ಜಿಪ್ ಎಳೆದ ಹಾಗೆ ಒಂದೇ ಎಳೆಯ, ಎಲ್ಲೂ ತಡವರಿಸದ ಸದ್ದು.

ಮನೆಯಲ್ಲಿ ಅತ್ತೆಗೆ ಇದೆಲ್ಲ ಗೊತ್ತಾದದ್ದು ಅವಳ ಹೆಬ್ಬೆರಳಿನ ಅಂಟುಪಟ್ಟಿಯಿಂದ. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾಗಿ ಹದಿನಾಲ್ಕು ವರ್ಷವಾದರೂ ಅವರ ದನಿ ಇನ್ನೂ ನಿವೃತ್ತಿಯಾಗಿರಲಿಲ್ಲ. ಅಡುಗೆಮನೆಯಲ್ಲಿ ಮಾತಾಡಿದರೆ ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಅವರ ಮಗ, ಅಂದರೆ ಮೆಲ್ಲಕ್ಕನ ಗಂಡ, ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಪಾಳಿ ಕೆಲಸ ಮಾಡುವವನು. ಅವನು ಮಾತಿನಲ್ಲಿ ಹೆಂಡತಿಯನ್ನೂ ಮೀರಿಸಿದ ಮೆತ್ತಗಿನವನು. ಹೀಗಾಗಿ ಆ ಮನೆಯ ಮೂರು ಜನರ ಪಾಲಿನ ಮಾತನ್ನೂ ಅತ್ತೆಯೇ ಆಡುತ್ತಿದ್ದರು.

ಸೊಸೆಯ ಗಾಜಿನ ಪಾಠದ ಕತೆ ಕೇಳಿ ಅವರಿಗೆ ಉತ್ಸಾಹ ಬಂತು.

“ನಿಮ್ಮ ಮೇಸ್ತ್ರಿ ಬೆಳಿಗ್ಗೆ ಒಂದು ಕೊಟ್ಟಿದಾರೆ. ಸಂಜೆಗೆ ನಾನೊಂದು ಕೊಡ್ತೀನಿ. ದಿನಾ ಒಂದು ಫೋನು. ನೀನು ಮುಂದಕ್ಕೆ ಹಾಕ್ತಾ ಬಂದಿರೋದು ಯಾವುದಾದ್ರೂ ಒಂದು.”

ಅಂಥ ಫೋನುಗಳಿಗೆ ಬರವಿರಲಿಲ್ಲ. ಮೊದಲನೆಯದು ನಲ್ಲಿ ರಿಪೇರಿಯವನಿಗೆ. ಎರಡು ವಾರದಿಂದ ‘ನಾಳೆ ಬರ್ತೀನಿ’ ಎನ್ನುತ್ತಿದ್ದ. ಅವಳು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಳು. ಅವನು ‘ಹಲೋ’ ಎಂದ ಕೂಡಲೇ ಚೀಟಿ ಮರೆತು, ತೊದಲಿ, ಹೇಗೋ ವಿಷಯ ಮುಟ್ಟಿಸಿ, ಕೊನೆಗೆ “ಸಾರಿ” ಎಂದು ಇಟ್ಟಳು.

“ಸಾರಿ ಯಾಕೆ ಹೇಳಿದೆ?” ಎಂದರು ಅತ್ತೆ. “ಸೋರ್ತಿರೋದು ನಮ್ಮನೆ ನಲ್ಲಿ. ಬರದೆ ಇರೋನು ಅವನು. ಮಧ್ಯೆ ನಿಂದೇನು ಸಾರಿ?”

“ಬಾಯಿಗೆ ಬಂದ್ಬಿಡ್ತು ಅತ್ತೆ.”

“ಬರಲಿ. ಬಂದದ್ದನ್ನ ನುಂಗೋದು ಕಲಿ. ನಾನು ದಿನಕ್ಕೆ ಎಂಟುನೂರು ಜನರ ಹತ್ರ ಮಾತಾಡ್ತಿದ್ದೆ. ದೊಡ್ಡ ದೊಡ್ಡ ಆಫೀಸರುಗಳು ಗುಡುಗೋರು. ‘ಲೈನಲ್ಲಿ ಇರಿ’ ಅಂತ ಎರಡೇ ಮಾತು ಹೇಳ್ತಿದ್ದೆ. ಇರ್ತಿದ್ರು.”

ನಲ್ಲಿಯವನು ಮಾರನೆಯ ದಿನ ಬಂದ. ಅದಕ್ಕೆ ಅವಳ ಫೋನು ಕಾರಣವೋ ಅವನ ಬಿಡುವು ಕಾರಣವೋ ಗೊತ್ತಿಲ್ಲ. ಆದರೆ ಫೋನು ಮಾತ್ರ ನಿಲ್ಲಲಿಲ್ಲ. ಗ್ಯಾಸ್ ಸಿಲಿಂಡರಿನವರು, ಹಲ್ಲಿನ ಡಾಕ್ಟರು, ಹೊಲಿಯಲು ಕೊಟ್ಟ ಬಟ್ಟೆಯನ್ನು ಆರು ತಿಂಗಳು ಇಟ್ಟುಕೊಂಡ ದರ್ಜಿ, ವರ್ಷದಿಂದ ಮಾತು ಬಿಟ್ಟಿದ್ದ ಚಿಕ್ಕಮ್ಮನ ಮಗಳು. ಒಂದೊಂದು ಸಲ ಅವಳು ಗೋಡೆಯ ಕಡೆ ತಿರುಗಿ ಮಾತಾಡುತ್ತಿದ್ದಳು. ಗಂಡ ಪಾಳಿ ಮುಗಿಸಿ ಬಂದವನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, “ಇವಳೇನಾ ದರ್ಜಿ ಹತ್ರ ಹೀಗೆ ಮಾತಾಡ್ತಿರೋದು?” ಎಂದು ತಾಯಿಯನ್ನು ಕೇಳಿದ. “ಶ್, ಲೈನಲ್ಲಿ ಇರು” ಎಂದರು ಅತ್ತೆ.

ಎಂಟು ತಿಂಗಳು ಮುಗಿಯಿತು. ಮೇಸ್ತ್ರಿ ಹೊರಡುವ ಹತ್ತು ದಿನ ಮುಂಚೆ ಯಜಮಾನರ ಎದುರಿಗೇ, “ನನ್ನ ಮೇಜು ಇವಳಿಗೆ ಕೊಡಿ” ಎಂದರು. ಯಜಮಾನರು ಅವಳ ಕಡೆ ತಿರುಗಿದರು. ಅವರ ಮುಖದಲ್ಲಿ ಅಸಡ್ಡೆಯೇನೂ ಇರಲಿಲ್ಲ, ಆಶ್ಚರ್ಯವಿತ್ತು.

“ಏನಮ್ಮ, ನಿನ್ನ ಕೈಲಿ ಆಗುತ್ತಾ?”

ಆಗುತ್ತದೆ ಎಂದು ಅವಳ ಕೈಗೆ ಗೊತ್ತಿತ್ತು. ಕಳೆದ ಹದಿನೈದು ದಿನದಲ್ಲಿ ಒಂದು ಪಟ್ಟಿಯೂ ಸೊಟ್ಟ ಹೋಗಿರಲಿಲ್ಲ. ಆದರೆ ಬಾಯಿ ತನ್ನ ಹಳೆ ದಾರಿ ಹಿಡಿಯಿತು.

“ನೋಡ್ತೀನಿ ಸರ್.”

ಯಜಮಾನರು ತಲೆಯಾಡಿಸಿದರು. ಅವರ ವ್ಯವಹಾರದ ಭಾಷೆಯಲ್ಲಿ ‘ನೋಡ್ತೀನಿ’ ಎಂದರೆ ‘ಇಲ್ಲ’. ಗಿರಾಕಿಗಳು ‘ನೋಡ್ತೀವಿ’ ಎಂದು ಹೇಳಿ ಹೋದರೆ ಮತ್ತೆ ಬರುವುದಿಲ್ಲ. ಒಂದು ವಾರದಲ್ಲಿ ಅವರು ಬೇರೆ ಊರಿನ ಗಾಜಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಒಬ್ಬನನ್ನು ನೇಮಿಸಿಕೊಂಡರು. ಹೊರಡುವ ದಿನ ಮೇಸ್ತ್ರಿ ತಮ್ಮ ಕಟ್ಟರನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಅವಳಿಗೆ, “ಇದನ್ನ ನಿನಗೆ ಕೊಡಲ್ಲ. ನನ್ನ ಕೈಗೆ ಸವೆದಿದೆ, ನಿನಗೆ ಒಗ್ಗಲ್ಲ. ನಿಂದೇ ಒಂದು ತಗೋ” ಎಂದರು. ‘ನೋಡ್ತೀನಿ’ಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಸ್ಸು ಹತ್ತುವಾಗ ಮಾತ್ರ, “ನಾಳೆ ಬೆಳಿಗ್ಗೆ ಎಷ್ಟು ಇಂಚು?” ಎಂದು ಕೇಳಿದರು.

“ಆರು,” ಎಂದಳು ಅವಳು.

ಅತ್ತೆ ಮಾತ್ರ ಸುಮ್ಮನಿರಲಿಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡು ಕಾಲು ಗಂಟೆ ಮಾತಾಡಿದರು.

“ನೋಡ್ತೀನಿ ಅಂದ್ರೆ ಏನರ್ಥ? ಏನು ನೋಡ್ತೀಯ? ಎಂಟು ತಿಂಗಳು ನೋಡಿದ್ದು ಸಾಲದಾ?”

“ಹಾಗೆ ಹೇಳಿದ್ರೆ ಜಂಬ ಅನ್ಕೊಳ್ತಾರೆ ಅನ್ನಿಸ್ತು.”

“ಬರೋ ಕೆಲಸ ಬರುತ್ತೆ ಅನ್ನೋದು ಜಂಬ ಅಲ್ಲ ಕಣೇ, ಮಾಹಿತಿ. ಇಂಥ ನಂಬರು ಇಂಥವರದ್ದು ಅಂತ ಹೇಳೋ ಹಾಗೆ.” ಅವರು ನೀರು ಕುಡಿದು ತೀರ್ಪು ಕೊಟ್ಟರು. “ಇವತ್ತಿನಿಂದ ಈ ಮನೇಲಿ ‘ನೋಡ್ತೀನಿ’ ಇಲ್ಲ. ಆಗುತ್ತೆ ಅಂದ್ರೆ ಆಗುತ್ತೆ, ಆಗಲ್ಲ ಅಂದ್ರೆ ಆಗಲ್ಲ. ನನ್ನ ಮಗನಿಗೂ ಸೇರಿಸಿಯೇ ಹೇಳ್ತಿರೋದು.”

ಮಗ ತಟ್ಟೆಯಿಂದ ತಲೆಯೆತ್ತಿ, “ನೋಡ್...” ಎಂದು ಶುರುಮಾಡಿ, ನಿಲ್ಲಿಸಿ, “ಆಗಲಿ” ಎಂದ.

ಆ ರಾತ್ರಿ ಅವಳಿಗೆ ಬೇಜಾರಾಗಿತ್ತು, ನಿಜ. ಕೈಗೆ ಬಂದದ್ದನ್ನು ತಾನೇ ಬಿಟ್ಟುಕೊಟ್ಟೆನಲ್ಲ ಎಂದು ಬಹಳ ಹೊತ್ತು ಹೊರಳಾಡಿದಳು. ಆದರೂ ಮರುದಿನ ಎಂಟು ಮುಕ್ಕಾಲಿಗೆ ಅಂಗಡಿಗೆ ಹೋದಳು. ಆರು ಇಂಚು ಎಂದು ಗಟ್ಟಿಯಾಗಿ ಹೇಳಿ, ಹೊಸದಾಗಿ ಕೊಂಡ ಕಟ್ಟರಿನಿಂದ ಗೀರು ಎಳೆದಳು. ಕೇಳಲು ಯಾರೂ ಇರಲಿಲ್ಲ. ಪಟ್ಟಿ ನೆಟ್ಟಗೆ ಬಂತು. ಕೆಲಸ ಬೇರೆಯವನಿಗೆ ಹೋದ ಮೇಲೂ ಯಾಕೆ ಬಂದೆ ಎಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಹಲ್ಲುಜ್ಜುವುದನ್ನು ಯಾಕೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲವಲ್ಲ, ಹಾಗೆ. ನೇರ ಗೀರು ಕೈಗೆ ಬಂದ ಮೇಲೆ ಅವಳು ಬಾಗಿದ ಗೀರಿಗೆ ಇಳಿದಳು. ತಟ್ಟೆಯ ಅಂಚು ಇಟ್ಟುಕೊಂಡು ಕಾಲು ಚಂದ್ರ, ಅರ್ಧ ಚಂದ್ರ. ಮತ್ತೆ ಒಂದು ತಿಂಗಳು ಎಲ್ಲವೂ ಸೊಟ್ಟ. ಆಮೇಲೆ ಅದೂ ದಾರಿಗೆ ಬಂತು.

ಹೊಸಬ ಒಳ್ಳೆಯವನೇ. ಮೂವತ್ತು ದಾಟಿದ, ಚುರುಕಾದ ಮನುಷ್ಯ. ಕಾರ್ಖಾನೆಯಲ್ಲಿ ಕತ್ತರಿಸುವ ಕೆಲಸವೆಲ್ಲ ಯಂತ್ರದ್ದೇ ಆಗಿದ್ದರೂ ನೇರ ಅಂಚುಗಳನ್ನು ಕೈಯಲ್ಲೂ ಚೆನ್ನಾಗಿ ಕತ್ತರಿಸುತ್ತಿದ್ದ. ಅವಳ ಪೆನ್ಸಿಲ್ ಅಂಕೆಗಳನ್ನು ಮೊದಲ ವಾರವೇ ಗಮನಿಸಿ, “ಅಕ್ಕಾ, ಪೆನ್ನು ನಂಬಲಾ ಪೆನ್ಸಿಲ್ ನಂಬಲಾ?” ಎಂದು ನೇರವಾಗಿ ಕೇಳಿದ. “ಪೆನ್ಸಿಲ್” ಎಂದಳು ಅವಳು. ಅಷ್ಟು ಥಟ್ಟನೆ ಹೇಳಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಹೀಗಿರುವಾಗ ಒಂದು ಭಾನುವಾರ ದೊಡ್ಡ ಗಾಳಿ ಬೀಸಿತು. ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ಗ್ರಂಥಪಾಲಕಿ ನಿಂತಿದ್ದರು. ಎರಡು ಬೀದಿಯಾಚೆಯ ಹಳೆ ಗ್ರಂಥಾಲಯದವರು. ವಾಚನಾಲಯದ ದೊಡ್ಡ ಕಿಟಕಿಯ ನೆತ್ತಿಯಲ್ಲಿ ಕಮಾನಿನ ಆಕಾರದ ಒಂದು ಗಾಜಿತ್ತು. ಮರದ ಕೊಂಬೆಯೊಂದು ಬಡಿದು ಅದು ಒಡೆದಿತ್ತು. ಕೆಳಗೇ ಹಳೆ ಪುಸ್ತಕಗಳ ಕಪಾಟುಗಳು. ಸದ್ಯಕ್ಕೆ ತಾಡಪಾಲು ಕಟ್ಟಿದ್ದಾರೆ, ಆದರೆ ಮತ್ತೆ ಮಳೆ ಬರುವ ಸೂಚನೆಯಿದೆ ಎಂದರು.

ಯಜಮಾನರು, ಹೊಸಬ, ಅಳತೆ ಬರೆದುಕೊಳ್ಳಲು ಮೆಲ್ಲಕ್ಕ, ಮೂವರೂ ಹೋದರು. ಹೊಸಬ ಏಣಿ ಹತ್ತಿ ಚೌಕಟ್ಟನ್ನು ಬೆರಳಿನಿಂದ ಸವರಿ ನೋಡಿದ. ನೂರು ವರ್ಷದ ಮರ. ಎಡಗಡೆ ಹೆಬ್ಬೆರಳಿನಷ್ಟು ಜಗ್ಗಿತ್ತು. ಅರ್ಧವೃತ್ತ ಎನ್ನಲು ಅದು ಅರ್ಧವೃತ್ತವೂ ಆಗಿರಲಿಲ್ಲ. ಅವನು ಇಳಿದು ಬಂದು ಕೈ ಚೆಲ್ಲಿದ.

“ಸುಳ್ಳು ಹೇಳಲ್ಲ ಸರ್. ಇದು ಕೈಯಲ್ಲೇ ಕತ್ತರಿಸಬೇಕಾದ ಕಮಾನು. ನನಗೆ ಅಭ್ಯಾಸ ಇಲ್ಲ. ಪ್ಲೈವುಡ್ ಹೊಡೆದು ಮುಚ್ಚಿಬಿಡೋದು ವಾಸಿ.”

ಗ್ರಂಥಪಾಲಕಿಯ ಮುಖ ಸಣ್ಣದಾಯಿತು. ಆ ಕಮಾನಿನಿಂದ ಬರುವ ಬೆಳಕಿನಲ್ಲೇ ವಾಚನಾಲಯದ ಉದ್ದನೆಯ ಮೇಜು ಬೆಳಗುತ್ತಿತ್ತು. ಅಲ್ಲಿ ಆಗಲೇ ಇಬ್ಬರು ಮುದುಕರು ಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಓದುತ್ತಿದ್ದರು.

ಮೆಲ್ಲಕ್ಕ ಏಣಿಯ ಬುಡದಲ್ಲಿ ನಿಂತು ಕಮಾನನ್ನೇ ನೋಡುತ್ತಿದ್ದಳು. ಬಲಗಡೆಯ ಬಾಗು ಎಲ್ಲಿಂದ ಶುರುವಾಗುತ್ತದೆ, ಎಡಗಡೆ ಎಲ್ಲಿ ಚಪ್ಪಟೆಯಾಗುತ್ತದೆ, ಎಲ್ಲ ಅವಳ ಕಣ್ಣು ಆಗಲೇ ಎಳೆದು ಮುಗಿಸಿತ್ತು.

“ಸರ್, ಪ್ಲೈವುಡ್ ಬೇಡ. ಇದು ಆಗುತ್ತೆ. ನಾನು ಮಾಡ್ತೀನಿ.”

ಯಜಮಾನರು ಹುಬ್ಬೇರಿಸಿದರು. “ನೀನು?”

“ಹೌದು ಸರ್. ಗಾಜು ಇಲ್ಲಿಗೇ ತರಿಸಿ, ಇಲ್ಲೇ ಕತ್ತರಿಸಬೇಕು. ಎರಡು ಹಾಳೆ ತರಲಿ.”

“ಎರಡು ಯಾಕೆ?”

“ಒಂದು ಒಡೆಯಬಹುದು.”

ಯಜಮಾನರು ಕೂಡಲೇ ಅಂಗಡಿಯಲ್ಲಿದ್ದ ಆಳುಗಳಿಗೆ ಫೋನು ಮಾಡಿದರು. ಒಡೆಯುವುದೇ ಇಲ್ಲ ಎಂದು ಅವಳು ಹೇಳಿದ್ದರೆ ಪ್ಲೈವುಡ್ಡೇ ತರಿಸುತ್ತಿದ್ದೆ ಎಂದು ಅವರು ಆಮೇಲೆ ಹೇಳಿದರು.

ಅವಳು ಏಣಿ ಹತ್ತಿ ದಪ್ಪ ಕಾಗದವನ್ನು ಚೌಕಟ್ಟಿಗೆ ಒತ್ತಿ, ಪೆನ್ಸಿಲಿನ ಪಕ್ಕದಿಂದ ಉಜ್ಜಿ ಅಂಚಿನ ಗುರುತು ತೆಗೆದಳು. ಅದನ್ನು ತೆಳು ಹಲಗೆಗೆ ಇಳಿಸಿ, ಬೆಂಕಿಕಡ್ಡಿಯ ದಪ್ಪದಷ್ಟು ಒಳಗೆ ಕತ್ತರಿಸಿ ಅಚ್ಚು ಮಾಡಿಕೊಂಡಳು. ಮರ ಉಬ್ಬಿದರೆ ಗಾಜಿಗೆ ಉಸಿರಾಡಲು ಜಾಗ ಬೇಕು. ಅಚ್ಚನ್ನು ಚೌಕಟ್ಟಿಗಿಟ್ಟು ನೋಡಿದಳು. ಕೂತಿತು. ಗ್ರಂಥಪಾಲಕಿ ವಾಚನಾಲಯದ ಮೇಜನ್ನು ಖಾಲಿ ಮಾಡಿಸಿ ಕಂಬಳಿ ಹಾಸಿಸಿದರು. ಪತ್ರಿಕೆ ಓದುತ್ತಿದ್ದವರು ಎದ್ದು ಗೋಡೆಗೆ ಒರಗಿ ನಿಂತರು. ಬೀದಿಯಿಂದಲೂ ನಾಲ್ಕು ಜನ ಇಣುಕಿದರು. ಇಷ್ಟು ಕಣ್ಣುಗಳ ಎದುರಿಗೆ ಅವಳು ಯಾವತ್ತೂ ಏನನ್ನೂ ಮಾಡಿದವಳಲ್ಲ.

ಮೊದಲ ಹಾಳೆ ಹಾಸಿದರು. ಅವಳು ಕಟ್ಟರ್ ಅದ್ದಿ, ಅಳತೆಯನ್ನು ಗಟ್ಟಿಯಾಗಿ ಹೇಳಿ, ಬಲಗಡೆಯಿಂದ ಗೀರು ಶುರುಮಾಡಿದಳು. ಸದ್ದು ಸರಿಯಾಗಿ ಬಂತು. ನೆತ್ತಿ ದಾಟಿತು. ಎಡಗಡೆಗೆ ತಿರುಗುವಾಗ ಅವಳ ಕಾಲಿಗೆ ಒಂದು ಕುರ್ಚಿ ತಗುಲಿತು. ಒಂದೇ ಕ್ಷಣ ಕೈ ನಿಂತು ಮತ್ತೆ ಓಡಿತು. ಕೆಳಗಿನಿಂದ ಮೆಲ್ಲಗೆ ತಟ್ಟಿ, ಹೊರಗಿನ ತುಂಡುಗಳನ್ನು ಒಂದೊಂದಾಗಿ ಬಿಡಿಸಿದಳು. ಬಲಗಡೆ ಬಿಟ್ಟಿತು, ನೆತ್ತಿ ಬಿಟ್ಟಿತು. ಕೈ ನಿಂತಿದ್ದ ಜಾಗಕ್ಕೆ ಬಂದಾಗ ಟಿಕ್ ಎಂದು ಸಣ್ಣ ಸದ್ದಾಗಿ, ಬಿರುಕು ಗಾಜಿನ ಹೊಟ್ಟೆಯೊಳಕ್ಕೆ ಓಡಿತು.

ಯಾರೋ ‘ಅಯ್ಯೋ’ ಎಂದರು. ಯಜಮಾನರು ಕಣ್ಣು ಮುಚ್ಚಿಕೊಂಡರು. ಕನ್ನಡಿ ಸೀಳಿದ ಆ ಹಳೆ ಮಧ್ಯಾಹ್ನ ಅವರಿಗೂ ನೆನಪಾಗಿರಬೇಕು.

ಮೆಲ್ಲಕ್ಕ ಬಗ್ಗಿ ಆ ಬಿರುಕು ಹುಟ್ಟಿದ ಜಾಗವನ್ನು ನೋಡಿದಳು. ತಾನು ಕಾಯುತ್ತಿದ್ದ ನಡುಕ ಬರಲಿಲ್ಲ. ಮುಖ ಬಿಸಿಯಾಯಿತು, ಅಷ್ಟೇ. ಇಷ್ಟು ದಿನ ಬೆಳಿಗ್ಗೆ ಸೊಟ್ಟ ಪಟ್ಟಿಯನ್ನು ಡಬ್ಬಿಗೆ ಹಾಕಿದ ಹಾಗೇ ಇದೂ ಒಂದು ಪಟ್ಟಿ, ಸ್ವಲ್ಪ ದೊಡ್ಡದು. ಯಾಕೆ ಒಡೆಯಿತು ಎಂಬುದು ಗೊತ್ತಿತ್ತು. ಗೊತ್ತಿರುವುದಕ್ಕೆ ಹೆದರುವುದು ಹೇಗೆ?

“ಕುರ್ಚಿ ತೆಗೀರಿ,” ಎಂದಳು. “ಇದನ್ನ ಹುಷಾರಾಗಿ ಆ ಕಡೆ ಇಡಿ. ಇನ್ನೊಂದು ತನ್ನಿ.”

ಹೊಸಬ ಕುರ್ಚಿಯನ್ನಷ್ಟೇ ಅಲ್ಲ, ಮೇಜಿನ ಸುತ್ತಲಿದ್ದ ಎಲ್ಲವನ್ನೂ ಸರಿಸಿದ. ಎರಡನೆಯ ಹಾಳೆ ಹಾಸಿದ ಮೇಲೆ ಅವಳು ಕೂಡಲೇ ಶುರುಮಾಡಲಿಲ್ಲ. ಬರಿಗೈಯಲ್ಲಿ ಅಚ್ಚಿನ ಅಂಚಿನ ಗುಂಟ ಬಲದಿಂದ ಎಡಕ್ಕೆ ಎರಡು ಸಲ ನಡೆದಳು, ಕಾಲು ಎಲ್ಲಿ ಇಡಬೇಕು, ಸೊಂಟ ಯಾವಾಗ ತಿರುಗಬೇಕು ಎಂದು ನೋಡಿಕೊಳ್ಳುತ್ತ. ಆಮೇಲೆ ಕಟ್ಟರ್ ಇಟ್ಟು ಒಂದೇ ಉಸಿರಿನಲ್ಲಿ ಎಳೆದಳು. ವಾಚನಾಲಯದ ನಿಶ್ಶಬ್ದದಲ್ಲಿ ಆ ಸದ್ದು ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತುಂಡಾಗದೆ ಹೋಯಿತು. ಮುರಿಯುವ ಮೊದಲೇ ಅವಳಿಗೆ ಗೊತ್ತಾಯಿತು. ಹೊಸಬನಿಗೂ ಗೊತ್ತಾಯಿತು. ಅವನು ಸಣ್ಣಗೆ ತಲೆಯಾಡಿಸಿದ.

ತುಂಡುಗಳು ಒಂದರ ಹಿಂದೊಂದು ಕಳಚಿಕೊಂಡವು. ಕಂಬಳಿಯ ಮೇಲೆ ಒಂದು ಸೊಟ್ಟ ಅರ್ಧಚಂದ್ರ ಉಳಿಯಿತು, ಆ ಸೊಟ್ಟ ಚೌಕಟ್ಟಿಗೆ ಹೇಳಿ ಮಾಡಿಸಿದ್ದು. ಅಂಚು ಉಜ್ಜಿ, ಹೊಸಬನೂ ಅವಳೂ ಎರಡು ಏಣಿಗಳಿಂದ ಅದನ್ನು ಮೇಲೇರಿಸಿದರು. ಗಾಜು ತನ್ನ ಜಾಗಕ್ಕೆ ಕೂರುವಾಗ ಏಣಿ ಹಿಡಿದಿದ್ದ ಯಜಮಾನರು ಕೆಳಗಿನಿಂದ “ಮೆಲ್ಲಗೆ, ಮೆಲ್ಲಗೆ” ಎಂದರು. ಹೊಸಬನಿಗೆ ನಗು ತಡೆಯಲಾಗಲಿಲ್ಲ.

ಸಂಜೆ ಅಂಗಡಿಯಲ್ಲಿ ಯಜಮಾನರು ಅವಳನ್ನು ಕರೆದು ಕೂರಿಸಿದರು. ಗಂಟಲು ಸರಿ ಮಾಡಿಕೊಂಡರು.

“ಅವತ್ತು ಕೇಳಿದಾಗ ಯಾಕಮ್ಮ ಹೇಳಲಿಲ್ಲ?”

“ಅವತ್ತು ಕೈಗೆ ಬಂದಿತ್ತು ಸರ್, ಬಾಯಿಗೆ ಬಂದಿರಲಿಲ್ಲ.”

ಅವರು ನಕ್ಕರು. ಹೊಸಬನನ್ನು ಕೆಲಸದಿಂದ ಕಳಿಸಬೇಕಾಗುತ್ತದೇನೋ ಎಂದು ತಲೆ ಕೆರೆದುಕೊಂಡಾಗ ಅವಳು ತಡೆದಳು. ಅವಳು ಎಲ್ಲವನ್ನೂ ಯೋಚಿಸಿಕೊಂಡೇ ಬಂದಿದ್ದಳು. ನೇರ ಕೆಲಸ ಅವನದು, ಬಾಗಿದ್ದು ಮತ್ತು ಕನ್ನಡಿ ತನ್ನದು. ಹೊರಗೆ ಹೋಗಿ ಅಳತೆ ತೆಗೆಯುವುದೂ ತನ್ನದೇ. ಕೌಂಟರಿಗೆ ಇನ್ನೊಬ್ಬರನ್ನು ನೋಡಬೇಕು. ತನಗೆ ಗೊತ್ತಿರುವ ಒಬ್ಬಳಿದ್ದಾಳೆ, ಚಿಕ್ಕಮ್ಮನ ಮಗಳು, ಅಕ್ಷರ ದುಂಡಗಿದೆ. ಇಷ್ಟನ್ನೂ ಅವಳು ಒಂದೇ ಸಲ, ತಡವರಿಸದೆ ಹೇಳಿದಳು. ಯಜಮಾನರು ಒಂದಕ್ಕೆ ಮಾತ್ರ ಒಪ್ಪಲಿಲ್ಲ. ಕನ್ನಡಿಯ ಕೆಲಸ ಜಾಸ್ತಿ ಇರುತ್ತದೆ, ಅದನ್ನು ಇಬ್ಬರೂ ಹಂಚಿಕೊಳ್ಳಿ ಎಂದರು. ಅದು ಸರಿಯಾದ ಮಾತೆಂದು ಅವಳಿಗೂ ಅನ್ನಿಸಿತು. ಒಪ್ಪಿದಳು.

ಮೇಸ್ತ್ರಿಗೆ ಫೋನು ಮಾಡಿದಾಗ ಅವರು ಎರಡನೆಯ ಗಾಜಿನ ಬಗ್ಗೆ ಏನೂ ಕೇಳಲಿಲ್ಲ. ಮೊದಲನೆಯದು ಎಲ್ಲಿ ಬಿರುಕು ಬಿಟ್ಟಿತು, ಕೈ ಎಷ್ಟು ಹೊತ್ತು ನಿಂತಿತ್ತು ಎಂದು ಬಿಡಿಸಿ ಬಿಡಿಸಿ ಕೇಳಿದರು. ಕೊನೆಗೆ, “ಒಡೆದ ಮೇಲೆ ಏನು ಮಾಡಿದೆ?” ಎಂದರು. “ಇನ್ನೊಂದು ತನ್ನಿ ಅಂದೆ.” “ಹಾಗಾದ್ರೆ ನಾನು ನಿಶ್ಚಿಂತೆಯಿಂದ ಮೊಣಕಾಲಿಗೆ ಎಣ್ಣೆ ಹಚ್ಕೊಬಹುದು” ಎಂದರು.

ಮುಂದಿನ ವಾರ ಊರಾಚೆ ಕಟ್ಟುತ್ತಿದ್ದ ಒಂದು ಕಟ್ಟಡದಿಂದ ಕರೆ ಬಂತು. ಮೆಟ್ಟಿಲುಗಳ ಪಕ್ಕದ ಮೂರು ಮಹಡಿ ಎತ್ತರದ ಗೋಡೆಗೆ ಮೇಲಿನಿಂದ ಕೆಳಗಿನವರೆಗೆ ಗಾಜು ಬೇಕಿತ್ತು. ಅವಳು ಅಳತೆಪಟ್ಟಿ, ಪುಸ್ತಕ, ಎರಡು ಪೆನ್ಸಿಲು ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಬಸ್ಸಿನಲ್ಲಿ ಹೋದಳು. ಸಿಮೆಂಟಿನ ಧೂಳಿನಲ್ಲಿ ನಿಂತಿದ್ದ ಮೇಲ್ವಿಚಾರಕ ಅವಳನ್ನೂ, ಅವಳ ಹಿಂದಿನ ಖಾಲಿ ರಸ್ತೆಯನ್ನೂ ನೋಡಿದ.

“ಗಾಜಿನ ಅಂಗಡಿಯವರು ಯಾರೂ ಬರಲಿಲ್ವಾ?”

“ಬಂದಿದೀನಲ್ಲ,” ಎಂದಳು ಅವಳು, ಚಪ್ಪಲಿ ಬಿಟ್ಟು ಅಲ್ಲಿಟ್ಟಿದ್ದ ಕೆಲಸದ ಬೂಟು ಹಾಕಿಕೊಳ್ಳುತ್ತ. “ಏಣಿ ಎಲ್ಲಿದೆ? ಮೇಲಿನಿಂದ ಶುರು ಮಾಡೋಣ.”